ಅವ್ವನ ಜೊತೆ ಐದು ದಿನ: ಚಿಕಾಗೊದಿಂದ ನ್ಯೂಯಾರ್ಕಿಗೆ

ಅವ್ವ ಅಮೆರಿಕಕ್ಕೆ ಬಂದು ಒಂದು ತಿಂಗಳಾಗಿತ್ತು. ಒಂದು ಭಾನುವಾರ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ನಾನು ಬೆಲೆಚೀಟಿ ನೋಡುತ್ತಿದ್ದರೆ ಅವ್ವ ಒಂದು ಶರ್ಟನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆ ನೋಡುತ್ತಾ ನಿಂತಿದ್ದಳು. ಕಾಲರ್ ಕೂಡಿಸಿದ ಜಾಗದಲ್ಲಿ ಹೆಬ್ಬೆರಳು ಆಡಿಸಿದಳು. ಬೊಮ್ಮನಹಳ್ಳಿ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ ದುಡಿದವಳು ಅವಳು. ಅಷ್ಟೂ ವರ್ಷ ಕೂಡಿಸಿದ್ದು ಕಾಲರ್ ಮಾತ್ರ. ತೋಳು ಒಬ್ಬರದು, ಜೇಬು ಒಬ್ಬರದು, ಕಾಲರ್ ಅವ್ವನದು.

"ಇಲ್ಲಿಯೋರು ಬಟ್ಟೆ ಹೊಲಿಯಕಿಲ್ವಾ ಮಗ?" ಅಂದಳು.

"ಮುಂಚೆ ಹೊಲೀತಿದ್ರು ಅವ್ವ. ನೂರು ವರ್ಷದ ಹಿಂದೆ ಚಿಕಾಗೊ, ನ್ಯೂಯಾರ್ಕ್ ತುಂಬಾ ಇದೇ ಕೆಲಸ."

"ಯಾರು ಹೊಲೀತಿದ್ರು?"

"ಬೇರೆ ದೇಶಗಳಿಂದ ಹಡಗಲ್ಲಿ ಬಂದೋರು. ಜಾಸ್ತಿ ಹೆಣ್ಣುಮಕ್ಕಳು."

"ಅವ್ರಿದ್ದ ಜಾಗ ಇನ್ನೂ ಅದಾ?"

ನಯಾಗರ ತೋರಿಸಬೇಕು ಅಂತ ಇಟ್ಟುಕೊಂಡಿದ್ದ ರಜೆ ಹಾಗೆ ಈ ಕಡೆಗೆ ತಿರುಗಿತು. ಮಾರ್ಚ್ 25ಕ್ಕೆ ನ್ಯೂಯಾರ್ಕಿನಲ್ಲಿ ಇರುವ ಹಾಗೆ ಲೆಕ್ಕ ಹಾಕಿ ಟಿಕೆಟ್ ಮಾಡಿಸಿದೆ. ಆ ತಾರೀಖೇ ಯಾಕೆ ಅಂತ ಅವ್ವನಿಗೆ ಆಗ ಹೇಳಲಿಲ್ಲ.

ಮೊದಲ ದಿನ: ಚಿಕಾಗೊ

ಹಾಲ್‌ಸ್ಟೆಡ್ ಸ್ಟ್ರೀಟಿನಲ್ಲಿ ಯೂನಿವರ್ಸಿಟಿ ಕಟ್ಟಡಗಳ ನಡುವೆ ಹಲ್ ಹೌಸ್ ಅನ್ನುವ ಹಳೇ ಇಟ್ಟಿಗೆ ಮನೆ ಇದೆ. ಒಂದು ಕಾಲಕ್ಕೆ ಇಲ್ಲಿ 13 ಕಟ್ಟಡಗಳಿದ್ದವು. 1960ರ ದಶಕದಲ್ಲಿ ಯೂನಿವರ್ಸಿಟಿಗೆ ಜಾಗ ಬೇಕಾಗಿ ಎರಡನ್ನು ಬಿಟ್ಟು ಉಳಿದದ್ದನ್ನು ಕೆಡವಿದರು. ಜೇನ್ ಆಡಮ್ಸ್, ಎಲೆನ್ ಗೇಟ್ಸ್ ಸ್ಟಾರ್ ಅನ್ನುವ ಇಬ್ಬರು ಗೆಳತಿಯರು 1889ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದು ಮನೆ ಮಾಡಿದರು. ಓದಿದವರು, ಅನುಕೂಲಸ್ಥರ ಮನೆಯವರು. ಬಡವರಿಗೆ ದೂರದಿಂದ ಸಹಾಯ ಕಳಿಸುವ ಬದಲು ಅವರ ಕೇರಿಯಲ್ಲೇ ನೆರೆಯವರಾಗಿ ಬದುಕೋಣ ಅಂತ ಬಂದವರು.

ಆಗಿನ ಚಿಕಾಗೊ ಹೇಗೆ ಬೆಳೆಯಿತು ಅಂದರೆ, 1850ರಲ್ಲಿ 30 ಸಾವಿರ ಜನ ಇದ್ದ ಊರು 1890ಕ್ಕೆ 10 ಲಕ್ಷ ದಾಟಿತ್ತು. ರೈಲು ಬಂತು, ಕಾರ್ಖಾನೆ ಬಂತು, ಕಸಾಯಿಖಾನೆಗಳು ಬಂದವು. ಕೈಗಳು ಬೇಕಾಗಿದ್ದವು. ಇಟಲಿ, ಗ್ರೀಸ್, ಪೋಲೆಂಡ್, ರಷ್ಯಾ, ಬೊಹೀಮಿಯ, ಐರ್ಲೆಂಡಿನಿಂದ ಜನ ಬಂದು ತುಂಬಿಕೊಂಡರು. ಅವರು ಬರುವಷ್ಟು ಬೇಗ ನಲ್ಲಿ, ಚರಂಡಿ, ಕಸದ ಗಾಡಿ ಬರಲಿಲ್ಲ. ಹಲ್ ಹೌಸಿನವರು ಮನೆಮನೆಗೆ ಹೋಗಿ ಲೆಕ್ಕ ತೆಗೆದು 1895ರಲ್ಲಿ ನಕ್ಷೆ ಪ್ರಕಟಿಸಿದರು. ಯಾವ ಮನೆಯಲ್ಲಿ ಯಾವ ದೇಶದವರು, ವಾರಕ್ಕೆ ಎಷ್ಟು ಸಂಪಾದನೆ ಅನ್ನುವುದಕ್ಕೆ ಒಂದೊಂದು ಬಣ್ಣ. ವಾರದ ಸಂಪಾದನೆ 5 ಡಾಲರ್ ದಾಟದ ಮನೆಗೆ ಕಪ್ಪು.

ಕಸದ ಕಥೆ ಅವ್ವನಿಗೆ ತುಂಬಾ ಹಿಡಿಸಿತು. ಬೀದಿಗಳಲ್ಲಿ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಿದ್ದವು. ಅವು ತುಂಬಿ ಚೆಲ್ಲುತ್ತಿದ್ದವು. ಅದರ ಮೇಲೇ ಮಕ್ಕಳ ಆಟ. ಗುತ್ತಿಗೆದಾರ ದುಡ್ಡು ತಗೊಳ್ಳುತ್ತಿದ್ದ, ಕಸ ಎತ್ತುತ್ತಿರಲಿಲ್ಲ. ಜೇನ್ ಆಡಮ್ಸ್ ಸಿಟ್ಟಿಗೆದ್ದು ಆ ಗುತ್ತಿಗೆಗೆ ತಾನೇ ಅರ್ಜಿ ಹಾಕಿದಳು. ಗುತ್ತಿಗೆ ಸಿಗಲಿಲ್ಲ, ಆದರೆ 1895ರಲ್ಲಿ ಮೇಯರ್ ಅವಳನ್ನು ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದ. ಬೆಳಿಗ್ಗೆ ಆರಕ್ಕೆಲ್ಲ ಎದ್ದು ಗಾಡಿಗಳ ಹಿಂದೆ ಹೋಗುತ್ತಿದ್ದಳಂತೆ. ಒಂದು ಓಣಿಯಲ್ಲಿ ಕಸ ತೆಗೆಸುತ್ತಾ ಹೋದಾಗ 18 ಇಂಚು ಆಳದಲ್ಲಿ ಕಲ್ಲುಹಾಸು ಸಿಕ್ಕಿತು. ಅಲ್ಲಿ ಒಂದು ರಸ್ತೆ ಇತ್ತು ಅನ್ನುವುದೇ ಜನಕ್ಕೆ ಮರೆತುಹೋಗಿತ್ತು.

"ಹದಿನೆಂಟಿಂಚು ಅಂದ್ರೆ ಒಂದು ಮೊಳ," ಅಂತ ಅವ್ವ ಮೊಣಕೈಯಿಂದ ಬೆರಳಿನ ತುದಿವರೆಗೆ ಅಳೆದು ತೋರಿಸಿದಳು.

1900ರಲ್ಲಿ ಇಲ್ಲಿ ಕೆಲಸದ ಒಂದು ಮ್ಯೂಸಿಯಂ ಶುರು ಮಾಡಿದ್ದರು. ನೂಲು ತೆಗೆಯುವುದು, ನೇಯುವುದು ಬಲ್ಲ ವಯಸ್ಸಾದ ಹೆಂಗಸರನ್ನು ಕೂರಿಸಿ ಅವರ ಕೈಯಲ್ಲಿ ಕೆಲಸ ಮಾಡಿ ತೋರಿಸುವುದು. ಅದಕ್ಕೊಂದು ಕಾರಣ ಇತ್ತು. ಇಂಗ್ಲಿಷ್ ಕಲಿತ ಮಕ್ಕಳು ತಲೆಗೆ ಬಟ್ಟೆ ಕಟ್ಟಿದ ತಾಯಂದಿರ ಜೊತೆ ಬೀದಿಯಲ್ಲಿ ನಡೆಯಲು ನಾಚುತ್ತಿದ್ದರು. ಒಬ್ಬಳು ಇಟಾಲಿಯನ್ ಹುಡುಗಿ ಹಲ್ ಹೌಸಿಗೆ ಬರುವಾಗ ಬೇಕಂತಲೇ ಅಮ್ಮನಿಂದ ದೂರವಾಗಿ ಬೇರೆ ಬಾಗಿಲಿನಿಂದ ಬರುತ್ತಿದ್ದಳಂತೆ. ಒಂದು ಸಂಜೆ ದೊಡ್ಡ ದೊಡ್ಡವರೆಲ್ಲ ಅವಳ ಅಮ್ಮನ ಸುತ್ತ ನಿಂತು ನೂಲುವ ಕೈ ನೋಡಿ ಬೆರಗಾದದ್ದನ್ನು ಕಂಡಳು. ಆಮೇಲೆ ಅಮ್ಮನ ಜೊತೆ ಒಂದೇ ಬಾಗಿಲಲ್ಲಿ ಬಂದಳು.

ಇದನ್ನು ಅವ್ವನಿಗೆ ಹೇಳುತ್ತಾ ನನ್ನ ಗಂಟಲು ಕಟ್ಟಿತು. ಪಿಯುಸಿಗೆ ಸೇರುವಾಗ ಫಾರಂನಲ್ಲಿ ತಾಯಿಯ ಉದ್ಯೋಗ ಅನ್ನುವ ಕಡೆ ನಾನು ಗೃಹಿಣಿ ಅಂತ ಬರೆದಿದ್ದೆ. ಗಾರ್ಮೆಂಟ್ಸ್ ಅಂತ ಬರೆಯಲು ಮನಸ್ಸು ಬರಲಿಲ್ಲ. ಇಷ್ಟು ವರ್ಷದ ಮೇಲೆ ಅದನ್ನು ಅಲ್ಲೇ ನಿಂತು ಹೇಳಿದೆ.

"ಗೊತ್ತು," ಅಂದಳು ಅವ್ವ. "ಸೈನ್ ಹಾಕ್ದೋಳು ನಾನೇ ಅಲ್ವಾ. ಪಕ್ಕದ ಮನೆ ಹುಡುಗನ ಕೈಲಿ ಓದಿಸ್ದೆ."

ಮಧ್ಯಾಹ್ನದ ಮೇಲೆ ಯೂನಿಯನ್ ಸ್ಟಾಕ್‌ಯಾರ್ಡಿನ ಕಲ್ಲಿನ ಕಮಾನು ನೋಡಿದೆವು. 1865ರಿಂದ 1971ರವರೆಗೆ ದನ, ಹಂದಿ, ಕುರಿಗಳು ರೈಲಿನಲ್ಲಿ ಬಂದು ಇಳಿಯುತ್ತಿದ್ದ ಜಾಗ. ಈಗ ಕಮಾನೊಂದೇ ಉಳಿದಿದೆ. ಕಮಾನಿನ ಹಿಂದುಗಡೆ, 1910ರಲ್ಲಿ ಇಲ್ಲಿ ಬಿದ್ದ ಬೆಂಕಿಯಲ್ಲಿ ಸತ್ತ 21 ಜನರೂ ಸೇರಿದಂತೆ ಕೆಲಸದ ಮೇಲೆ ಜೀವ ಬಿಟ್ಟ ಚಿಕಾಗೊ ಅಗ್ನಿಶಾಮಕರ ನೆನಪಿಗೆ ಒಂದು ಸ್ಮಾರಕ ಇದೆ. ಕಸಾಯಿಖಾನೆಗಳ ರಕ್ತ, ಕರುಳು ಹತ್ತಿರದ ಹೊಳೆಯ ಕವಲಿಗೆ ಬಿದ್ದು, ತಳದಲ್ಲಿ ಕೊಳೆತು, ನೀರಿನ ಮೇಲೆ ಗುಳ್ಳೆ ಏಳುತ್ತಿತ್ತು. ಅದಕ್ಕೇ ಆ ಕವಲಿಗೆ ಬಬ್ಲಿ ಕ್ರೀಕ್ ಅಂತ ಹೆಸರು. ಊರಿನ ಕೊಳಕೆಲ್ಲ ಹೊಳೆಗೆ, ಹೊಳೆ ಮಿಶಿಗನ್ ಸರೋವರಕ್ಕೆ. ಕುಡಿಯುವ ನೀರೂ ಅದೇ ಸರೋವರದ್ದು. ಟೈಫಾಯ್ಡಿಗೆ ಜನ ಸಾಯುತ್ತಿದ್ದರು. ಕೊನೆಗೆ ಕಾಲುವೆ ತೋಡಿ 1900ರಲ್ಲಿ ಹೊಳೆ ಹರಿಯುವ ದಿಕ್ಕನ್ನೇ ತಿರುಗಿಸಿದರು. ಬೆಳ್ಳಂದೂರು ಕೆರೆಯ ನೊರೆ ಕಂಡ ಅವ್ವನಿಗೆ ಗುಳ್ಳೆ ಏಳುವ ಹೊಳೆ ಅಂದರೆ ಏನು ಅಂತ ವಿವರಿಸಬೇಕಾಗಲಿಲ್ಲ.

ಎರಡನೇ ದಿನ: ರೈಲು

ರಾತ್ರಿ 9:30ಕ್ಕೆ ಚಿಕಾಗೊ ಬಿಟ್ಟ ರೈಲು ನ್ಯೂಯಾರ್ಕ್ ಮುಟ್ಟುವುದು ಮಾರನೇ ದಿನ ಸಂಜೆ. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ ಸಾಕು. ಆದರೆ ಅಂದು ಜನ ಬಂದ ದಾರಿಯನ್ನು ಹಿಮ್ಮುಖವಾಗಿ ನೋಡಬೇಕು ಅಂತ ನನಗೆ ಆಸೆ. ಹಡಗು ಇಳಿದವರೆಲ್ಲ ನ್ಯೂಯಾರ್ಕಿನಲ್ಲೇ ಉಳಿಯಲಿಲ್ಲ. ಎಷ್ಟೋ ಜನ ಅಲ್ಲೇ ರೈಲು ಟಿಕೆಟ್ ತಗೊಂಡು ಚಿಕಾಗೊ ಕಡೆಗೆ ಹೊರಟರು. ಭಾಷೆ ಬಾರದವರು, ಇಳಿಯುವ ಊರಿನ ಹೆಸರು ಬರೆದ ಚೀಟಿಯನ್ನು ಬಟ್ಟೆಗೆ ಸಿಕ್ಕಿಸಿಕೊಂಡು ಕೂತವರು.

ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಬಫಲೋ ದಾಟಿದ ಮೇಲೆ ಬೆಳಕು ಚೆನ್ನಾಗಿ ಬಂತು. ಹೊಲಗಳಲ್ಲಿ ಇನ್ನೂ ಅಲ್ಲಲ್ಲಿ ಹಿಮ. ಮಧ್ಯಾಹ್ನದ ಮೇಲೆ ಹಡ್ಸನ್ ನದಿ ಕಿಟಕಿ ಪಕ್ಕಕ್ಕೇ ಬಂತು. ಅವ್ವ ಮದ್ದೂರಿನಿಂದ ಬೆಂಗಳೂರಿಗೆ ಬಂದ ದಿನದ ಮಾತು ತೆಗೆದಳು. ಮಳೆ ಇಲ್ಲ, ಸಾಲ ಮೈಮೇಲೆ. ಪ್ಯಾಸೆಂಜರ್ ರೈಲಿನಲ್ಲಿ ಒಂದು ಸೀಮೆಎಣ್ಣೆ ಸ್ಟವ್, ಎರಡು ಪಾತ್ರೆ, ಒಂದು ಅಕ್ಕಿ ಚೀಲ, ತೊಡೆ ಮೇಲೆ ನಾನು. "ಇಳ್ದಾಗ ಎಲ್ಲರೂ ನಮ್ಮನ್ನೇ ನೋಡ್ತಾವ್ರೆ ಅನ್ನಿಸ್ತಿತ್ತು. ಯಾರೂ ನೋಡ್ತಿರ್ಲಿಲ್ಲ," ಅಂದಳು.

ಮೂರನೇ ದಿನ: ಎಲ್ಲಿಸ್ ಐಲ್ಯಾಂಡ್

ಬ್ಯಾಟರಿ ಪಾರ್ಕಿನಿಂದ ದೋಣಿ ಹತ್ತಿದೆವು. ಗಾಳಿಗೆ ಮೂಗು ಕಿವಿ ಕಿತ್ತುಹೋಗುವಂಥ ಚಳಿ. ದೋಣಿ ಮೊದಲು ಲಿಬರ್ಟಿ ಪ್ರತಿಮೆಯ ದ್ವೀಪದಲ್ಲಿ ನಿಲ್ಲುತ್ತೆ. ಮುಕ್ಕಾಲು ಪಾಲು ಜನ ಅಲ್ಲಿ ಇಳಿದರು. ನಾವು ಕೂತೇ ಇದ್ದೆವು.

ಎಲ್ಲಿಸ್ ಐಲ್ಯಾಂಡ್ ಅಂದರೆ ಹಡಗಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡಿ ದೇಶದೊಳಗೆ ಬಿಡುತ್ತಿದ್ದ ದ್ವೀಪ. 1892ರ ಜನವರಿ 1ರಂದು ಅದರ ಬಾಗಿಲು ತೆರೆಯಿತು. ಮೊದಲು ಒಳಗೆ ಬಂದವಳು ಐರ್ಲೆಂಡಿನ ಹದಿನೇಳು ವರ್ಷದ ಆನಿ ಮೂರ್. ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂದಿದ್ದಳು. ಅವಳ ಕೈಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅವಳ ಪ್ರತಿಮೆ ಇಲ್ಲಿದೆ, ಟೋಪಿ ಹಿಡಿದುಕೊಂಡು ಮುಂದೆ ನೋಡುತ್ತಿರುವ ಹಾಗೆ. ಆಮೇಲಿನ ಅವಳ ಬದುಕು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲೇ ಕಳೆಯಿತು. ಹೆತ್ತ ಮಕ್ಕಳಲ್ಲಿ ಹಲವು ಚಿಕ್ಕಂದಿನಲ್ಲೇ ತೀರಿಕೊಂಡವು. ಅವಳು ಸತ್ತದ್ದು 1924ರಲ್ಲಿ. ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳುವವರಿಗೆ ಈ ಎರಡನೇ ಅರ್ಧವೂ ಗೊತ್ತಾಗಬೇಕು ಅಂತ ನನ್ನ ಆಸೆ.

1954ರಲ್ಲಿ ಮುಚ್ಚುವವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಈ ಕಟ್ಟಡದ ಮೂಲಕ ಹೋದರು. 1907 ಒಂದೇ ವರ್ಷದಲ್ಲಿ 10 ಲಕ್ಷಕ್ಕೂ ಜಾಸ್ತಿ. ಹಡಗಿನ ಮೊದಲನೇ, ಎರಡನೇ ಕ್ಲಾಸಿನವರು ಇಲ್ಲಿಗೆ ಬರಬೇಕಾಗಿರಲಿಲ್ಲ. ಅವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಇಲ್ಲಿಗೆ ತರುತ್ತಿದ್ದದ್ದು ಕೆಳಗಿನ ಅಟ್ಟದಲ್ಲಿ ಬಂದ ಮೂರನೇ ಕ್ಲಾಸಿನವರನ್ನು.

ನೆಲಮಹಡಿಯಲ್ಲಿ ಗಂಟುಮೂಟೆ ಇಟ್ಟು ಮೆಟ್ಟಿಲು ಹತ್ತಿ ಮೇಲಿನ ದೊಡ್ಡ ಹಾಲಿಗೆ ಹೋಗಬೇಕಿತ್ತು. ಹತ್ತುವಾಗಲೇ ಪರೀಕ್ಷೆ ಶುರು. ಮೇಲೆ ಡಾಕ್ಟರುಗಳು ನಿಂತು ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಅಂತ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಕೆಲವೇ ಸೆಕೆಂಡು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಎಚ್ ಅಂದರೆ ಹೃದಯ. ಎಲ್ ಅಂದರೆ ಕಾಲು. ಇ ಅಂದರೆ ಕಣ್ಣು. ಎಕ್ಸ್ ಅಂದರೆ ಬುದ್ಧಿ ಸರಿಯಿಲ್ಲ ಅನ್ನುವ ಅನುಮಾನ. ಅಕ್ಷರ ಬಿದ್ದವರನ್ನು ಸಾಲಿನಿಂದ ಆಚೆ ತೆಗೆಯುತ್ತಿದ್ದರು. ಕಣ್ಣುಬೇನೆ ಇದೆಯಾ ಅಂತ ನೋಡಲು ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚುತ್ತಿದ್ದರು.

ಅವ್ವ ಅದೇ ಹಾಲಿಗೆ ಮೆಟ್ಟಿಲು ಹತ್ತುತ್ತಿದ್ದಳು. ಹದಿನೇಳು ವರ್ಷ ಮೆಷಿನ್ನಿನ ಪೆಡಲ್ ಒತ್ತಿದ ಬಲಗಾಲು ಈಗ ಸರಿಯಾಗಿ ಮಡಚುವುದಿಲ್ಲ. ಒಂದು ಕೈ ಕಂಬಿ ಮೇಲೆ, ಒಂದು ಕೈ ಮಂಡಿ ಮೇಲೆ. ಆ ದಿನ ಆಗಿದ್ದರೆ ಇವಳ ಕೋಟಿನ ಮೇಲೆ ಎಲ್ ಅಂತ ಬೀಳುತ್ತಿತ್ತು. ಹಿಂದಿನಿಂದ ಹತ್ತುತ್ತಾ ನನಗೆ ಅದೊಂದೇ ಯೋಚನೆ.

ಕೆಲವರು ಗುರುತು ಬಿದ್ದ ಕೋಟನ್ನು ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡು ಪಾರಾದರು ಅಂತ ಹೇಳುತ್ತಾರೆ. ಅದನ್ನು ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಅಸ್ತರಿ ಚೆನ್ನಾಗಿದ್ದ ಕೋಟೇ ಇರ್ಬೇಕು. ಇಲ್ದಿದ್ರೆ ಸಿಕ್ಕಾಕ್ಕೊಳ್ಳಕಿಲ್ವಾ?" ಹೊಲಿಗೆ ಬಲ್ಲವರಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಆ ಹಾಲ್ ದೊಡ್ಡದು. ಕಮಾನಿನ ಸೂರು, ಎತ್ತರದ ಕಿಟಕಿಗಳು. ಬೆಂಚಿನ ಮೇಲೆ ಕೂತೆವು. ಇಲ್ಲಿ 29 ಪ್ರಶ್ನೆ ಕೇಳುತ್ತಿದ್ದರು. ಹೆಸರು, ಊರು, ಕೆಲಸ, ಕೈಯಲ್ಲಿ ಎಷ್ಟು ದುಡ್ಡು. ಇಲ್ಲಿನ ಗುಮಾಸ್ತರು ಜನರ ಹೆಸರು ಬದಲಾಯಿಸಿಬಿಡುತ್ತಿದ್ದರು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ನಿಜ ಅಲ್ಲ. ಅವರು ಹಡಗಿನವರು ಕೊಟ್ಟ ಪಟ್ಟಿ ನೋಡಿ ಟಿಕ್ ಮಾಡುತ್ತಿದ್ದರು. ಹೆಸರು ಬದಲಾಯಿಸಿಕೊಂಡವರು ಬಹುಪಾಲು ಆಮೇಲೆ ತಾವೇ ಬದಲಾಯಿಸಿಕೊಂಡವರು, ಕೆಲಸ ಸಿಗಲಿ ಅಂತ. ವಾಪಸ್ ಕಳಿಸಿದ್ದು ನೂರಕ್ಕೆ ಸುಮಾರು ಎರಡು ಜನರನ್ನು. ಕಡಿಮೆ ಅನ್ನಿಸುತ್ತೆ. ಆದರೆ ಒಂದು ಮನೆಯಲ್ಲಿ ಅಜ್ಜಿಯೊಬ್ಬಳನ್ನೇ ವಾಪಸ್ ಕಳಿಸಿ ಉಳಿದವರನ್ನು ಒಳಗೆ ಬಿಟ್ಟರೆ ಆ ಮನೆಗೆ ಅದು ಎರಡು ಪರ್ಸೆಂಟ್ ಅಲ್ಲ.

"ನಮ್ಮೋರು ಬಂದಿದ್ರಾ ಇಲ್ಲಿಗೆ?" ಅಂದಳು ಅವ್ವ.

ತುಂಬಾ ಕಡಿಮೆ ಅಂದೆ. ಬಾಗಿಲು ಎಲ್ಲರಿಗೂ ಒಂದೇ ತರ ಇರಲಿಲ್ಲ. ಚೀನಾದ ಕೂಲಿಗಳನ್ನು 1882ರ ಕಾನೂನಿನಲ್ಲೇ ತಡೆದಿದ್ದರು. 1917ರಲ್ಲಿ ಭಾರತವೂ ಸೇರಿ ಏಷ್ಯಾದ ಬಹುಪಾಲಿಗೆ ಬೀಗ ಹಾಕಿದರು. 1923ರಲ್ಲಿ ಭಗತ್ ಸಿಂಗ್ ತಿಂಡ್ ಅನ್ನುವ ಪಂಜಾಬಿನವರಿಗೆ, ಅಮೆರಿಕದ ಸೈನ್ಯದಲ್ಲಿ ಇದ್ದವರಿಗೆ, ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 1924ರಲ್ಲಿ ದಕ್ಷಿಣ, ಪೂರ್ವ ಯುರೋಪಿನವರಿಗೂ ಬಾಗಿಲು ಸಣ್ಣದಾಯಿತು. ನನ್ನಂಥವರು ಇಷ್ಟು ಜನ ಬರುವಂತಾಗಿದ್ದು 1965ರ ಕಾನೂನಿನಿಂದ. ಆ ಕಾನೂನು ಕರಿಯರು ಬೀದಿಗಿಳಿದು ಸಮಾನತೆ ಕೇಳಿದ ಕಾಲದಲ್ಲೇ ಬಂದದ್ದು. ನಮ್ಮ ಸಾಫ್ಟ್‌ವೇರ್ ಮನೆಗಳಲ್ಲಿ ಈ ಮಾತು ಬರುವುದೇ ಇಲ್ಲ. ಬರಬೇಕು.

ಅವ್ವ ತನ್ನ ಬೆರಳ ತುದಿ ನೋಡಿಕೊಂಡಳು. ಅವಳು ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಮೂರು ಸಲ ತಗೊಂಡಿದ್ದರು. ಬಟ್ಟೆ ತಳ್ಳಿ ತಳ್ಳಿ ಗೆರೆ ಸವೆದುಹೋಗಿದೆ. ಆ ಹೊತ್ತು ಅವಳಿಗೆ ಕೈಕಾಲು ನಡುಗಿತ್ತಂತೆ. ನನಗೆ ಇವತ್ತು ಹೇಳಿದಳು.

ನಾಲ್ಕನೇ ದಿನ: 97, ಆರ್ಚರ್ಡ್ ಸ್ಟ್ರೀಟ್

ಇದು ನಾನು ಬಹಳ ದಿನದಿಂದ ನೋಡಬೇಕು ಅಂದುಕೊಂಡಿದ್ದ ಮನೆ. ಇಂಗ್ಲಿಷಿನಲ್ಲಿ ಟೆನೆಮೆಂಟ್ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಒಳ್ಳೇ ಮಾತಿದೆ: ವಠಾರ. ನಮ್ಮ ವಠಾರ ಅಡ್ಡಕ್ಕೆ ಇರುತ್ತೆ, ಇದು ಉದ್ದಕ್ಕೆ ಮೇಲೆ ಹೋಗಿದೆ. ಅಷ್ಟೇ.

1863ರಲ್ಲಿ ಲ್ಯೂಕಾಸ್ ಗ್ಲಾಕ್ನರ್ ಅನ್ನುವ ಜರ್ಮನ್ ದರ್ಜಿ ಕಟ್ಟಿಸಿದ ಕಟ್ಟಡ. ಮೇಲಿನ ಮಹಡಿಗಳಲ್ಲಿ ಒಂದೊಂದಕ್ಕೆ ನಾಲ್ಕು ಮನೆ. ಮೂರು ಕೋಣೆ ಸೇರಿ 325 ಚದರ ಅಡಿ. 1935ರವರೆಗೆ ಸುಮಾರು 7,000 ಜನ, 20ಕ್ಕೂ ಹೆಚ್ಚು ದೇಶಗಳವರು, ಇಲ್ಲಿ ಬಾಳಿದರು. ಆಮೇಲೆ ಹೊಸ ನಿಯಮದಂತೆ ರಿಪೇರಿ ಮಾಡಿಸುವ ಬದಲು ಮಾಲೀಕ ಎಲ್ಲರನ್ನೂ ಖಾಲಿ ಮಾಡಿಸಿದ. ಕೆಳಗಿನ ಅಂಗಡಿಗಳು ಉಳಿದವು. ಮೇಲಿನ ಮನೆಗಳು ಹಾಗೇ ಮುಚ್ಚಿಕೊಂಡೇ ಇದ್ದವು. 1988ರಲ್ಲಿ ಶುರುವಾದ ಮ್ಯೂಸಿಯಂ ಅವನ್ನು ಕಾಪಾಡಿಕೊಂಡಿದೆ.

ಒಳಗೆ ಹೋದರೆ ಮೆಟ್ಟಿಲ ಓಣಿ ಕತ್ತಲು. ಹಿಡಿದು ಹತ್ತುವ ಮರದ ಕಂಬಿ ನುಣ್ಣಗಾಗಿದೆ. ಗೈಡ್ ಹೇಳಿದ್ದನ್ನು ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಮೊದಲು ಮನೆಯೊಳಗೆ ನೀರಿಲ್ಲ. ಕಕ್ಕಸು ಹಿತ್ತಲಲ್ಲಿ. ಐದನೇ ಮಹಡಿಯವರೂ ಇಳಿದು ಬರಬೇಕು, ನೀರು ಹೊತ್ತು ಹತ್ತಬೇಕು. ಮೂರು ಕೋಣೆಯಲ್ಲಿ ಒಂದಕ್ಕೆ ಮಾತ್ರ ಕಿಟಕಿ. ಮಿಕ್ಕ ಎರಡಕ್ಕೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ.

"ನೀರು ಎಷ್ಟೊತ್ತಿಗೆ ಬಿಡೋರು?" ಅಂದಳು ಅವ್ವ. ಬೊಮ್ಮನಹಳ್ಳಿಯ ವಠಾರದಲ್ಲಿ ಎಂಟು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು. ನೀರು ಬರುವುದು ರಾತ್ರಿ ಒಂದಕ್ಕೋ ಎರಡಕ್ಕೋ. ಅವ್ವ ಶಿಫ್ಟ್ ಮುಗಿಸಿ ಬಂದು, ಅಡಿಗೆ ಮಾಡಿ, ಮಲಗಿ, ಎದ್ದು, ನೀರು ಹಿಡಿದು, ಮತ್ತೆ ಮಲಗಿ ಐದಕ್ಕೆ ಏಳುತ್ತಿದ್ದಳು. ನನಗೆ ಆಗ ಅದು ಸುಮ್ನೆ ಕೊಡದ ಸದ್ದು.

ಕಾನೂನುಗಳು ಬಂದವು. 1867ರಲ್ಲಿ ಒಂದು, 1879ರಲ್ಲಿ ಇನ್ನೊಂದು. ಎರಡನೆಯದರಲ್ಲಿ ಪ್ರತಿ ಕೋಣೆಗೂ ಕಿಟಕಿ ಇರಬೇಕು ಅಂತಾಯಿತು. ಕಟ್ಟಿಸುವವರು ಪಕ್ಕಪಕ್ಕದ ಎರಡು ಕಟ್ಟಡಗಳ ನಡುವೆ ಬಾವಿಯಂಥ ಕಿರಿದಾದ ಸಂದು ಬಿಟ್ಟು ಕಿಟಕಿಯನ್ನು ಅದಕ್ಕೆ ತೆರೆದರು. ಗಾಳಿ ಬರಲಿಲ್ಲ. ಜನ ಆ ಸಂದಿಗೆ ಕಸ ಎಸೆದರು, ಅದು ಕೊಳೆತು ನಾರಿತು. ಬೆಂಕಿ ಬಿದ್ದಾಗ ಅದೇ ಸಂದು ಹೊಗೆಕೊಳವೆಯ ಹಾಗೆ ಉರಿಯನ್ನು ಮೇಲಿನ ಮಹಡಿಗೆ ಎಳೆಯಿತು. ಬರೀ ಕಾಗದದ ಮೇಲೆ ನಿಯಮ ಪಾಲಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಜೇಕಬ್ ರೀಸ್ ಅನ್ನುವ ಡೆನ್ಮಾರ್ಕಿನಿಂದ ಬಂದ ಪತ್ರಕರ್ತ, ತಾನೂ ಒಂದು ಕಾಲಕ್ಕೆ ಬೀದಿಪಾಲಾಗಿದ್ದವನು, ರಾತ್ರಿ ಫ್ಲ್ಯಾಶ್ ಪುಡಿ ಹೊತ್ತಿಸಿ ಈ ಕತ್ತಲ ಕೋಣೆಗಳ ಫೋಟೊ ತೆಗೆದು 1890ರಲ್ಲಿ ಊರಿಗೆಲ್ಲ ತೋರಿಸಿದ. 1901ರ ಕಾನೂನು ಬಂದ ಮೇಲೆ ಈ ಕಟ್ಟಡದ ಒಳಗೋಡೆಗಳಲ್ಲೂ ಕಿಟಕಿ ಕೊರೆದರು. ಮಹಡಿಗೆ ಎರಡರಂತೆ ಒಳಗೇ ಕಕ್ಕಸು ಬಂತು.

ಲೆವಿನ್ ಅನ್ನುವ ಕುಟುಂಬದ ಮನೆಗೆ ಬಂದೆವು. ಪೋಲೆಂಡಿನಿಂದ ಬಂದ ಯಹೂದಿಗಳು. 1890ರ ದಶಕದಲ್ಲಿ ಈ ಮನೆಯೇ ಅವರ ಕಾರ್ಖಾನೆ. ಕಿಟಕಿ ಇರುವ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್. ನಡುವಿನ ಅಡಿಗೆಕೋಣೆಯ ಒಲೆ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸುವುದು. ಅದೇ ಒಲೆ ಮೇಲೆ ಅಡಿಗೆ. ಹೊರಗಿನ ಕೆಲಸದವರು ಬೆಳಿಗ್ಗೆ ಬಂದು ಸೇರುತ್ತಿದ್ದರು. ಹಿಂದಿನ ಕತ್ತಲ ಕೋಣೆಯಲ್ಲಿ ಗಂಡ ಹೆಂಡತಿ ಮಕ್ಕಳ ನಿದ್ದೆ.

ಅವ್ವ ಮಾತು ನಿಲ್ಲಿಸಿದಳು. ಹಗ್ಗದ ಈಚೆ ನಿಂತು ಕೋಣೆಯನ್ನು ಒಂದು ಸುತ್ತು ನೋಡಿದಳು. ಆಮೇಲೆ ಬೆರಳು ತೋರಿಸಿ ನನಗೆ ವಿವರಿಸತೊಡಗಿದಳು. ಗೈಡ್ ಇನ್ನೂ ಹೇಳಿರಲಿಲ್ಲ. "ಅಲ್ಲಿ ಮೆಷಿನ್ನೋನು ಕೂತ್ಕೊಳ್ಳದು, ಬೆಳಕದೆ. ಇಲ್ಲಿ ಕಚ್ಚಾ ಹೊಲಿಗೆ ಹಾಕೋರು. ಇಸ್ತ್ರಿಯೋನು ಒಲೆ ತಾವ. ಗುಂಡಿ, ಕಾಜಾ ಎಲ್ಲ ಹೆಣ್ಣೈಕ್ಳು ಕೆಳಗೆ ಕೂತು. ಬಂಡಲ್ ಈ ಮೂಲೇಲಿ." ಐದು ನಿಮಿಷದ ಮೇಲೆ ಗೈಡ್ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ. ನಾನು ಗೈಡ್‌ಗೆ, ನಮ್ಮ ತಾಯಿ ಟೇಲರ್, ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷ ಕೆಲಸ ಮಾಡಿದಾರೆ ಅಂದೆ. ಅಷ್ಟು ಜನರ ನಡುವೆ ಅದನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಗುಂಪಿನವರು ತಿರುಗಿ ಅವ್ವನ ಕೈ ನೋಡಿದರು.

ಇದೇ ಕಟ್ಟಡದಲ್ಲಿದ್ದ ಇನ್ನೊಬ್ಬ ಯಜಮಾನ, ರೊಗಾರ್ಷೆವ್‌ಸ್ಕಿ ಮನೆಯವರು, ಬಟ್ಟೆ ಕೆಲಸ ಮಾಡಿ 1918ರಲ್ಲಿ ಕ್ಷಯದಿಂದ ತೀರಿಕೊಂಡರು. ಈ ಕೇರಿಯಲ್ಲಿ ಕ್ಷಯಕ್ಕೆ ದರ್ಜಿ ಕಾಯಿಲೆ ಅಂತಲೇ ಹೆಸರಿತ್ತು.

ಐದನೇ ದಿನ: ಮಾರ್ಚ್ 25

ಬೆಳಿಗ್ಗೆ ತಿಂಡಿ ತಿನ್ನುತ್ತಾ ಅವ್ವನಿಗೆ ಹೇಳಿದೆ, ಇವತ್ತು ನೋಡುವ ಜಾಗದಲ್ಲಿ ನಿನ್ನಂಥವರು 146 ಜನ ಸತ್ತಿದ್ದಾರೆ ಅಂತ. ಬರಲ್ಲ ಅಂದರೆ ಬೇಡ ಅಂದೆ. ಅವ್ವ ಎದ್ದು ಸೀರೆ ಸರಿ ಮಾಡಿಕೊಂಡು ಕೋಟು ಹಾಕಿದಳು.

ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಹತ್ತು ಮಹಡಿಯ ಕಟ್ಟಡ. ಈಗ ನ್ಯೂಯಾರ್ಕ್ ಯೂನಿವರ್ಸಿಟಿಯದು. 1911ರಲ್ಲಿ ಮೇಲಿನ ಮೂರು ಮಹಡಿ ಟ್ರಯಾಂಗಲ್ ಅನ್ನುವ ಗಾರ್ಮೆಂಟ್ಸ್ ಕಂಪನಿಯದು. ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದರು. ಕೆಲಸದವರಲ್ಲಿ ಬಹುಪಾಲು ಯಹೂದಿ, ಇಟಾಲಿಯನ್ ಹುಡುಗಿಯರು.

ಅದಕ್ಕೂ ಮುಂಚೆ, 1909ರ ನವೆಂಬರಿನಲ್ಲಿ, ಈ ಊರಿನ ಬ್ಲೌಸ್ ಹೊಲಿಯುವವರೆಲ್ಲ ಮುಷ್ಕರ ಹೂಡಿದ್ದರು. ಕೂಪರ್ ಯೂನಿಯನ್ ಅನ್ನುವ ಕಾಲೇಜಿನ ಸಭಾಂಗಣದಲ್ಲಿ ನಾಯಕರ ಭಾಷಣ ಮುಗಿಯುವುದೇ ಇಲ್ಲ ಅನ್ನಿಸಿದಾಗ ಕ್ಲಾರಾ ಲೆಮ್ಲಿಕ್ ಅನ್ನುವ ಹುಡುಗಿ ಎದ್ದು ಹೋಗಿ, ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯಲ್ಲಿ, ಮಾತು ಸಾಕು, ಮುಷ್ಕರ ಮಾಡೋಣ ಅಂದಳು. ಸುಮಾರು 20 ಸಾವಿರ ಜನ ಹೊರಗೆ ಬಂದರು. ಎಷ್ಟೋ ಕಂಪನಿಗಳು ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡವು. ಟ್ರಯಾಂಗಲ್ ಯೂನಿಯನ್ನನ್ನು ಒಪ್ಪಲಿಲ್ಲ.

"ನಮ್ ಪಿಎಫ್ ಗಲಾಟೆ ತರ," ಅಂದಳು ಅವ್ವ. 2016ರ ಏಪ್ರಿಲಿನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಯಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದಿದ್ದರು. ಹೊಸೂರು ರಸ್ತೆ ನಿಂತೇ ಹೋಗಿತ್ತು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವ್ವನೂ ರಸ್ತೆಯಲ್ಲಿ ಕೂತಿದ್ದಳು. ನನಗೆ ಆಗ ಫೋನಿನಲ್ಲಿ "ಬಸ್ ಸಿಗಲಿಲ್ಲ, ಲೇಟಾಯ್ತು" ಅಂದಿದ್ದಳು.

1911ರ ಮಾರ್ಚ್ 25 ಶನಿವಾರ. ಸಂಜೆ ನಾಲ್ಕೂಮುಕ್ಕಾಲರ ಸುಮಾರು, ಕೆಲಸ ಬಿಡುವ ಹೊತ್ತು. ಎಂಟನೇ ಮಹಡಿಯಲ್ಲಿ ಕಟಿಂಗ್ ಮೇಜಿನ ಕೆಳಗೆ ತುಂಡುಬಟ್ಟೆ ತುಂಬಿಡುವ ಡಬ್ಬಕ್ಕೆ ಬೆಂಕಿ ಹತ್ತಿತು. ಹತ್ತನೇ ಮಹಡಿಯ ಆಫೀಸಿಗೆ ಫೋನ್ ಹೋಯಿತು. ಅಲ್ಲಿದ್ದವರು ಬಹುಪಾಲು ಚಾವಣಿ ಮೇಲಿಂದ ಪಾರಾದರು. ಮಾಲೀಕರೂ ಅವರಲ್ಲಿದ್ದರು. ನಡುವಿನ ಒಂಬತ್ತನೇ ಮಹಡಿಗೆ ಯಾರೂ ಹೇಳಲಿಲ್ಲ. ಅಲ್ಲಿ ಉದ್ದುದ್ದ ಮೇಜು, ಸಾಲು ಮೆಷಿನ್. ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ. ಹಿಂದಿನ ಕಬ್ಬಿಣದ ಏಣಿ ಜನರ ಭಾರಕ್ಕೆ ಕಳಚಿ ಬಿತ್ತು. ಲಿಫ್ಟ್ ನಡೆಸುವವರು ಆದಷ್ಟು ಸಲ ಹತ್ತಿ ಇಳಿದರು. ಅಗ್ನಿಶಾಮಕರ ಏಣಿ ಮುಟ್ಟಿದ್ದು ಆರನೇ ಮಹಡಿಯವರೆಗೆ ಮಾತ್ರ. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. ಸತ್ತವರು 123 ಹೆಂಗಸರು, 23 ಗಂಡಸರು. ಎಲ್ಲರಿಗಿಂತ ಚಿಕ್ಕವರಿಗೆ 14 ವರ್ಷ.

"ಬೀಗ ಯಾಕಾಕಿದ್ರು?"

"ಎಲ್ಲರೂ ಒಂದೇ ಬಾಗಿಲಲ್ಲಿ ಆಚೆ ಬರಲಿ, ಬ್ಯಾಗ್ ಚೆಕ್ ಮಾಡೋಣ ಅಂತ. ಬಟ್ಟೆ ಕದೀತಾರೆ ಅಂತ ಅನುಮಾನ."

ಅವ್ವ ಬಹಳ ಹೊತ್ತು ಆ ಬಾಗಿಲನ್ನೇ ನೋಡಿದಳು. "ನಮ್ಮನ್ನೂ ಹಂಗೇ ತಡವಿ ಬಿಡೋರು. ಊಟದ ಡಬ್ಬಿ ಬಿಚ್ಚಿಸೋರು. ಹಿಂದ್ಗಡೆ ಬಾಗ್ಲು ಬಯ್ಯರ್ ಬರೋ ದಿನ ಮಾತ್ರ ತೆಗೀತಿದ್ರು. ಅವತ್ತು ದಾರೀಲಿದ್ದ ಬಾಕ್ಸೆಲ್ಲ ಎತ್ಸಿ ಗುಡ್ಸೋರು. ಅವ್ರು ಹೋಗ್ತಿದ್ದಂಗೆ ಮತ್ತೆ ಬಾಕ್ಸು, ಮತ್ತೆ ಬೀಗ." ಇದನ್ನು ಅವಳು ಯಾವತ್ತೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಕಟ್ಟಡದ ಮೈಮೇಲೆ 2023ರಲ್ಲಿ ಹಾಕಿದ ಉಕ್ಕಿನ ಪಟ್ಟಿ ಇದೆ. ಸತ್ತವರ ಹೆಸರನ್ನು ಅದರಲ್ಲಿ ಕೊರೆದಿದ್ದಾರೆ. ಕೆಳಗೆ ಸೊಂಟದೆತ್ತರಕ್ಕೆ ಕನ್ನಡಿಯಂಥ ಕಪ್ಪು ಹಲಗೆ. ತಲೆ ಬಗ್ಗಿಸಿದರೆ ಹೆಸರುಗಳು ಅದರಲ್ಲಿ ಕಾಣುತ್ತವೆ, ಹಿಂದೆ ಆಕಾಶ, ನಡುವೆ ನಮ್ಮ ಮುಖ. ಇವರಲ್ಲಿ ಆರು ಜನರ ಗುರುತು ನೂರು ವರ್ಷ ಸಿಕ್ಕಿರಲಿಲ್ಲ. 2011ರಲ್ಲಷ್ಟೇ ಅವರಿಗೂ ಹೆಸರು ಸಿಕ್ಕಿತು. ಈ ದಿನ ಪ್ರತಿ ವರ್ಷ ಜನ ಸೇರುತ್ತಾರೆ. ಹೆಸರು ಓದುತ್ತಾರೆ, ಗಂಟೆ ಬಾರಿಸುತ್ತಾರೆ, ಹೂವಿಡುತ್ತಾರೆ. ಅಗ್ನಿಶಾಮಕರು ಏಣಿಯನ್ನು ಏರಿಸಿ ಆರನೇ ಮಹಡಿಗೆ ನಿಲ್ಲಿಸುತ್ತಾರೆ. ಅವ್ವ ಏಣಿಯ ತುದಿ ನೋಡಿದಳು. ಅಲ್ಲಿಂದ ಮೇಲಕ್ಕೆ ಕಿಟಕಿ ಎಣಿಸಿದಳು. ಏಳು, ಎಂಟು, ಒಂಬತ್ತು.

ಮಾಲೀಕರ ಮೇಲೆ ಕೇಸಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಖುಲಾಸೆಯಾದರು. 1914ರಲ್ಲಿ ಪರಿಹಾರದ ದಾವೆ ಹೂಡಿದವರಿಗೆ ಒಂದು ಜೀವಕ್ಕೆ 75 ಡಾಲರ್ ಅಂತ ರಾಜಿಯಾಯಿತು. ಅದಕ್ಕೂ ಮುಂಚೆ, 1913ರಲ್ಲಿ, ಆ ಮಾಲೀಕರಲ್ಲಿ ಒಬ್ಬ ಮತ್ತೆ ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದಿದ್ದ. ದಂಡ 20 ಡಾಲರ್. ಇದನ್ನು ಓದಿದಾಗೆಲ್ಲ ನನಗೆ ಕೈ ನಡುಗುತ್ತೆ.

ಆ ಸಂಜೆ ಬೀದಿಯಲ್ಲಿ ನಿಂತು ಹುಡುಗಿಯರು ಬೀಳುವುದನ್ನು ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬಳು. ಆಮೇಲೆ ರಾಜ್ಯ ಸರ್ಕಾರ ಮಾಡಿದ ಕಾರ್ಖಾನೆ ತನಿಖಾ ಆಯೋಗದ ಕೆಲಸದಲ್ಲಿ ಅವಳು ಓಡಾಡಿದಳು. ಕೆಲವೇ ವರ್ಷಗಳಲ್ಲಿ 30ಕ್ಕೂ ಹೆಚ್ಚು ಕಾನೂನು ಬಂದವು. ಬಾಗಿಲು, ಬೆಂಕಿ ಬಿದ್ದಾಗ ನೀರು ಚಿಮ್ಮುವ ಕೊಳವೆ, ಬೆಂಕಿಯಿಂದ ಪಾರಾಗುವ ಅಭ್ಯಾಸ, ಕೆಲಸದ ಹೊತ್ತು, ಎಲ್ಲದರ ಮೇಲೂ. 1933ರಲ್ಲಿ ಪರ್ಕಿನ್ಸ್ ದೇಶದ ಕಾರ್ಮಿಕ ಮಂತ್ರಿಯಾದಳು. ಅಮೆರಿಕದ ಮಂತ್ರಿಮಂಡಲ ಸೇರಿದ ಮೊದಲ ಹೆಂಗಸು.

ಮಧ್ಯಾಹ್ನದ ಮೇಲೆ ಈಸ್ಟ್ ವಿಲೇಜಿನ ಬೀದಿಗಳಲ್ಲಿ ನಡೆದೆವು. ಈ ದಿನ ಕೆಲವರು ಸೀಮೆಸುಣ್ಣ ಹಿಡಿದು ಸತ್ತವರು ವಾಸವಿದ್ದ ಮನೆಗಳ ಮುಂದೆ ನೆಲದ ಮೇಲೆ ಅವರ ಹೆಸರು, ವಯಸ್ಸು ಬರೆಯುತ್ತಾರೆ. 2004ರಿಂದ ನಡೆದುಕೊಂಡು ಬಂದಿದೆ. ಒಂದು ಮೆಟ್ಟಿಲ ಮುಂದೆ ಬರೆದದ್ದು ಕಂಡಿತು. ಹುಡುಗಿಗೆ 18 ವರ್ಷ. ಯಾರೋ ತುಳಿದು ವಯಸ್ಸಿನ ಎರಡನೇ ಅಂಕಿ ಅಳಿಸಿಹೋಗುತ್ತಿತ್ತು. ಪಕ್ಕದಲ್ಲಿ ಒಂದು ತುಂಡು ಸೀಮೆಸುಣ್ಣ ಬಿದ್ದಿತ್ತು. ಅವ್ವ ಕಂಬಿ ಹಿಡಿದು ಕಷ್ಟಪಟ್ಟು ಬಗ್ಗಿ ಅದನ್ನು ತಗೊಂಡಳು. ಎಂಟನ್ನು ನಿಧಾನಕ್ಕೆ ತಿದ್ದಿದಳು. ರಂಗೋಲಿ ಎಳೆ ಎಳೆಯುತ್ತಾಳೇನೋ ಅಂದುಕೊಂಡೆ. "ಸತ್ತ ಮನೆ ಮುಂದೆ ಎಳೀಬಾರ್ದು," ಅಂದಳು, ನಾನು ಕೇಳದೆ.

ಕಾಫಿ ಅಂಗಡಿಯಲ್ಲಿ ಕೂತಾಗ ಟೈಮ್ ನಾಲ್ಕೂಮುಕ್ಕಾಲು. ಊರಿನಲ್ಲಿ ರಾತ್ರಿ ಎರಡೂಕಾಲು. ಅವ್ವ ಫೋನ್ ತೆಗೆದು ವಾಟ್ಸಾಪಿನಲ್ಲಿ ತನ್ನ ಲೈನಿನಲ್ಲೇ ಕೂರುತ್ತಿದ್ದ ಗೆಳತಿಗೆ ವಾಯ್ಸ್ ಮೆಸೇಜ್ ಮಾಡಿದಳು. ಅವಳು ಈಗಲೂ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

"ನಾನು ಕಣವ್ವ. ಬೆಳಿಗ್ಗೆ ಎದ್ದಾಗ ಕೇಳು. ನಿಮ್ ಫ್ಲೋರಲ್ಲಿ ಹಿಂದ್ಗಡೆ ಬಾಗ್ಲು ತೆಗ್ದಿರ್ತಾರಾ? ಇವತ್ತು ಹೋದಾಗ ನೀನೇ ಹೋಗಿ ತಳ್ಳಿ ನೋಡು. ಬೇರೆ ಯಾರನ್ನೂ ಕೇಳ್ಬೇಡ, ನೀನೇ ನೋಡು. ಬಾಕ್ಸ್ ಗೀಕ್ಸ್ ಅಡ್ಡ ಇಟ್ಟವ್ರಾ ನೋಡು. ನೋಡಿ ಹೇಳು."

ರಾತ್ರಿ ಒಂಬತ್ತಕ್ಕೆ ಉತ್ತರ ಬಂತು. ಹಿಂದೆ ಗಾಡಿ ಹಾರ್ನ್, ಹೆಂಗಸರ ಮಾತು. ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದಳು. ಆಮೇಲೆ ನನಗೂ ಕೇಳಿಸಿದಳು.

"ಆ ಬಾಗ್ಲತ್ರಕ್ಕೆ ನಾವ್ ಯಾವತ್ತೂ ಹೋಗೇ ಇಲ್ವಲ್ಲಕ್ಕ. ಗಾಡಿ ಹತ್ತಿದೀನಿ. ಹೋಗಿ ನೋಡ್ತೀನಿ."